ಬೆಳೆ ಜಾಸ್ತಿಯಾದರೆ ಹಕ್ಕಿಗೆ ಕಾಳೂ ಜಾಸ್ತಿ ಅಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಅಲ್ಲ. ಯುರೋಪಿನಲ್ಲಿ 1980ರಿಂದ 2016ರ ಹೊತ್ತಿಗೆ ಇಳುವರಿ ಏರಿತು, ಹೊಲದ ಹಕ್ಕಿಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದವು. 28 ದೇಶಗಳ ಎಣಿಕೆ ನೋಡಿದ 2023ರ ಅಧ್ಯಯನ ಮೊದಲು ಬೊಟ್ಟು ಮಾಡಿದ್ದು ಕೀಟನಾಶಕ, ರಸಗೊಬ್ಬರ ಸುರಿಯುವ ಬೇಸಾಯದ ಕಡೆಗೆ.

ಕಾಳಿನ ಲೆಕ್ಕ ತಪ್ಪುವುದು ಗೂಡಿನಲ್ಲಿ. ಕಾಳು ತಿನ್ನುವುದು ಬೆಳೆದ ಹಕ್ಕಿ. ಹೊಲದ ಬಹುಪಾಲು ಹಕ್ಕಿಗಳ ಮರಿಗೆ ಹುಳವೇ ಬೇಕು. ಕೌಜುಗದ ಮರಿ ಮೊದಲ ಎರಡು ವಾರ ಬದುಕುವುದೇ ಹುಳಹುಪ್ಪಟೆಯಿಂದ, ಮೈ ಬೆಳೆದು ಗರಿ ಮೂಡಲು ಅಷ್ಟು ಪ್ರೋಟೀನ್ ಬೇಕು. ಮರಿಗೆ ಗುಟುಕು ತರುವ ಗುಬ್ಬಿಯ ಕೊಕ್ಕನ್ನೇ ಗಮನಿಸಿ. ಅಲ್ಲಿ ನೇತಾಡುವುದು ಕಾಳಲ್ಲ, ಹಸಿರು ಹುಳ.

"ನಾವು ಹೊಡೆಯೋದು ಕಳೆನಾಶಕ, ಹುಳಕ್ಕೇನೂ ಆಗಲ್ಲ" ಅನ್ನುವವರೂ ಇದ್ದಾರೆ. ಆದರೆ ಆ ಹುಳ ಬದುಕಿದ್ದೇ ಕಳೆಯ ಮೇಲೆ! ಕಳೆ ಹೋದರೆ ಹುಳವೂ ಹೋಗುತ್ತದೆ, ಮರಿ ಹಸಿವಿನಿಂದ ಸಾಯುತ್ತದೆ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಕೌಜುಗ ಕುಸಿದದ್ದು ಹೀಗೆ.

"ಪಾರಿವಾಳ ಹೆಚ್ಚಿವೆಯಲ್ಲ?" ಅಂತ ಕೇಳುತ್ತೀರಿ, ಗೊತ್ತು. ಪಾರಿವಾಳ ಮರಿಗೆ ಹುಳ ತರುವುದಿಲ್ಲ. ತನ್ನ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ರಸವನ್ನು ಉಣಿಸುತ್ತದೆ. ಹಾಗಾಗಿ ಹುಳವಿಲ್ಲದ ಹೊಲದಲ್ಲೂ ಅದರ ಸಂಸಾರ ನಡೆಯುತ್ತದೆ. ಒಂದು ಪಾರಿವಾಳ ನೋಡಿ ಉಳಿದ ಹಕ್ಕಿಗಳೆಲ್ಲ ಸುಖವಾಗಿವೆ ಅನ್ನಬೇಡಿ, ದಯವಿಟ್ಟು.

ಇನ್ನು ಕಾಳಾದರೂ ಸಿಗುತ್ತದೆಯೇ? ಕೊಯ್ಲಾದ ಕೂಡಲೇ ಕೂಳೆ ಉತ್ತು ಮತ್ತೆ ಬಿತ್ತಿದರೆ, ಉದುರಿದ ಕಾಳು ಮಣ್ಣಿನಡಿ ಸೇರುತ್ತದೆ.

ಯಾರೂ ಕೇಳದಿದ್ದರೂ ಕೊಯ್ಯುವ ದಿಕ್ಕಿನ ಬಗ್ಗೆಯೂ ಹೇಳಬೇಕು. ಕಾರ್ನ್‌ಕ್ರೇಕ್ ಎಂಬ ಹಕ್ಕಿ ಎತ್ತರದ ಹುಲ್ಲಿನೊಳಗೆ ನೆಲದ ಮೇಲೆ ಗೂಡು ಮಾಡುತ್ತದೆ. ಯಂತ್ರ ಅಂಚಿನಿಂದ ಸುತ್ತುತ್ತಾ ಒಳಗೆ ಬಂದರೆ ಮರಿಗಳು ಉಳಿದ ಹುಲ್ಲಿಗೆ ಸರಿಯುತ್ತಾ ಹೋಗಿ, ಕೊನೇ ಸುತ್ತಿನಲ್ಲಿ ಬ್ಲೇಡಿಗೆ ಸಿಗುತ್ತವೆ. ನಡುವಿನಿಂದ ಹೊರಕ್ಕೆ ಕೊಯ್ದರೆ ಅವೇ ಮರಿಗಳು ಹುಲ್ಲಿನ ಮರೆಯಲ್ಲೇ ಓಡಿ ಅಂಚು ಸೇರುತ್ತವೆ. ಸ್ಕಾಟ್ಲೆಂಡಿನ ರೈತರು ಹೀಗೆ ಕೊಯ್ದರು, ಕೊಯ್ಲನ್ನೂ ತಡಮಾಡಿದರು. 1990ರ ದಶಕದಲ್ಲಿ ಅಲ್ಲಿ ಕಾರ್ನ್‌ಕ್ರೇಕ್ ಮತ್ತೆ ಹೆಚ್ಚತೊಡಗಿತು.