ಚಳಿ ಹದಗೊಳಿಸುವ ಮರ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಪಶ್ಚಿಮಕ್ಕೆ ಅಪಲೇಶಿಯನ್ ಬೆಟ್ಟಸಾಲಿದೆ. ಅಲ್ಲಿನ ಆಶ್, ಎವರಿ, ಆಲಿಗೇನಿ ಕೌಂಟಿಗಳ ಇಳಿಜಾರುಗಳಲ್ಲಿ ರೈತರು ಬೆಳೆಯುವ ಫ್ರೇಸರ್ ಫರ್ ಕ್ರಿಸ್‌ಮಸ್ ಮರವಾಗಿ ಹೆಸರು ಮಾಡಿರುವುದಕ್ಕೆ ಅದರ ಗೋಪುರದ ಆಕಾರವೂ ಸುವಾಸನೆಯೂ ಕಾರಣವೇ. ಆದರೆ ಕಡಿದ ಮೇಲೆ, ಬೆಚ್ಚಗಿನ ಕೋಣೆಯಲ್ಲಿ, ವಾರಗಟ್ಟಲೆ ಸೂಜಿ ಎಲೆಗಳನ್ನು ಉದುರಿಸದೆ ನಿಲ್ಲುವುದೇ ಅದರ ದೊಡ್ಡ ಗುಣವೆಂದು ನನಗೆ ಅನಿಸುತ್ತದೆ.

ಈ ಬೆಳೆಗೆ ಅಪಾರ ತಾಳ್ಮೆ ಬೇಕು. ಕೊಂಬೆಯ ಮೇಲೆ ನೆಟ್ಟಗೆ ನಿಲ್ಲುವ ಇದರ ಕಾಯಿಗಳು ಮಾಗಿದಾಗ ಮರದಲ್ಲೇ ಬಿಡಿಬಿಡಿಯಾಗಿ ಉದುರಿಹೋಗುವುದರಿಂದ, ಅದಕ್ಕೆ ಮುಂಚೆಯೇ ಅವನ್ನು ಕಿತ್ತು ಬೀಜ ತೆಗೆಯಬೇಕು. ಸಸಿ ನಾಲ್ಕೈದು ವರ್ಷ ಪಾತಿಯಲ್ಲಿ ಬೆಳೆಯುತ್ತದೆ. ತೋಟದಲ್ಲಿ ಐದೈದು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 1,700 ಗಿಡ ಹಿಡಿಯುತ್ತವೆ, ಅವು ಆರೇಳು ಅಡಿ ಏರಲು ಮತ್ತೆ ಏಳರಿಂದ ಹತ್ತು ವರ್ಷ ಬೇಕು.

ಆ ದಟ್ಟವಾದ ಗೋಪುರ ತಾನಾಗಿ ಬರುವುದಲ್ಲ. ತುದಿಯ ಮೊಗ್ಗು ಕೆಳಗಿನ ಮೊಗ್ಗುಗಳನ್ನು ಹಾರ್ಮೋನಿನ ಮೂಲಕ ಅದುಮಿಡುತ್ತದೆ. ಆ ವರ್ಷದ ಚಿಗುರು ನೀಳವಾಗಿ ಬೆಳೆದು ನಿಂತ ಮೇಲೆ, ಜುಲೈನಿಂದ ಆಚೆಗೆ, ಉದ್ದ ಅಲಗಿನ ಕತ್ತಿಯಿಂದ ತುದಿಗಳನ್ನು ಸವರಿದರೆ ಆ ಹಿಡಿತ ಸಡಿಲಗೊಂಡು ಹಲವು ಮೊಗ್ಗುಗಳು ಮೂಡುತ್ತವೆ, ಮುಂದಿನ ವಸಂತದಲ್ಲಿ ಕೊಂಬೆಗಳು ಒತ್ತಾಗುತ್ತವೆ. ನೆತ್ತಿಯಲ್ಲಿ ಮಾತ್ರ ಒಂದೇ ಚಿಗುರನ್ನು ಉಳಿಸಬೇಕು. ಎರಡು ಉಳಿದರೆ ಮರ ಕವಲಾಗುತ್ತದೆ.

ಇಳಿಜಾರನ್ನೇ ಆರಿಸುವುದಕ್ಕೆ ಕಾರಣ ನೀರು. ನೀರು ನಿಂತ ಮಣ್ಣಿನಲ್ಲಿ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬೇರನ್ನು ಕೊಳೆಯಿಸುತ್ತದೆ. ಮಲೆನಾಡಿನ ಅಡಿಕೆಯ ಕೊಳೆರೋಗವೂ ಕಾಳುಮೆಣಸಿನ ಸೊರಗುರೋಗವೂ ಇದೇ ಕುಲದ ಜೀವಿಗಳಿಂದ ಬರುವುದರಿಂದ, ಒಮ್ಮೆ ತೋಟ ಹೊಕ್ಕ ಮೇಲೆ ಇದನ್ನು ಓಡಿಸುವುದು ಎಷ್ಟು ಕಷ್ಟವೆಂದು ನಮ್ಮ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಹಿಪ್ಪಲಿಯ ಬುಡಕ್ಕೆ ಮೆಣಸನ್ನು ಕಸಿ ಕಟ್ಟುವಂತೆ, ಅಲ್ಲಿ ರೋಗವನ್ನು ತಡೆದುಕೊಳ್ಳುವ ಜಪಾನಿನ ಮೊಮಿ ಫರ್ ಬುಡಕ್ಕೆ ಫ್ರೇಸರ್ ಫರ್ ಅನ್ನು ಕಸಿ ಮಾಡಿ ನೋಡಿದ್ದಾರೆ.

ಕೊಯ್ಲು ನವೆಂಬರಿನಲ್ಲಿ. ಶರತ್ಕಾಲದ ಚಳಿರಾತ್ರಿಗಳು ಒಂದರ ಹಿಂದೊಂದು ಬಂದಾಗ ಮರ ಬೆಳವಣಿಗೆ ನಿಲ್ಲಿಸಿ ಚಳಿಗಾಲಕ್ಕೆ ಗಟ್ಟಿಗೊಳ್ಳುತ್ತದೆ, ಸೂಜಿಗಳು ಕೊಂಬೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಈ ಹದ ಬರುವ ಮೊದಲೇ, ಮಾರುಕಟ್ಟೆಯ ಅವಸರಕ್ಕೆ ಕಡಿದ ಮರ ಬೇಗ ಬೋಳಾಗಬಹುದು. ಕಡಿದ ಮರವನ್ನು ದಾರದಿಂದ ಬಿಗಿದು ಬಿಸಿಲು ಗಾಳಿ ತಾಗದ ನೆರಳಿನಲ್ಲಿ ಇಡುತ್ತಾರೆ. ಮನೆಗೆ ತಂದಾಗ ಬುಡದಿಂದ ಅರ್ಧ ಇಂಚಿನ ಬಿಲ್ಲೆಯನ್ನು ಕತ್ತರಿಸಿ ತೆಗೆದು ನೀರಿನಲ್ಲಿ ನಿಲ್ಲಿಸಿದರೆ ಕಾಂಡ ಚೆನ್ನಾಗಿ ನೀರು ಹೀರುತ್ತದೆ. ತೊಟ್ಟಿ ಒಣಗಲು ಬಿಡಬಾರದು.

ತೋಟಗಳಲ್ಲಿ ಸಾಲುಸಾಲಾಗಿ ನಿಂತ ಈ ಮರ ಕಾಡಿನಲ್ಲಿ ಅಳಿವಿನಂಚಿನಲ್ಲಿರುವುದು ನನ್ನನ್ನು ಬಹಳ ಕಾಡುತ್ತದೆ. ಅದರ ಸಹಜ ನೆಲೆ ದಕ್ಷಿಣ ಅಪಲೇಶಿಯನ್‌ನ ಅತಿ ಎತ್ತರದ ಕೆಲವೇ ಶಿಖರಗಳು. ಯುರೋಪಿನಿಂದ ಬಂದ ಅಡೆಲ್ಜಿಡ್ ಎಂಬ ಪುಟ್ಟ ರಸ ಹೀರುವ ಕೀಟ 1957ರಲ್ಲಿ ಮೌಂಟ್ ಮಿಚೆಲ್ ಶಿಖರದಲ್ಲಿ ಕಾಣಿಸಿಕೊಂಡು, ಮುಂದಿನ ದಶಕಗಳಲ್ಲಿ ಬಲಿತ ಮರಗಳಲ್ಲಿ ಬಹುಪಾಲನ್ನು ಕೊಂದಿತು. ಅವುಗಳ ಬುಡದಲ್ಲಿ ಎಳೆಯ ಗಿಡಗಳು ಮತ್ತೆ ಎದ್ದಿವೆ. ತೋಟಗಳ ಬೀಜವೂ ಮೂಲತಃ ರೋನ್ ಮೌಂಟನ್‌ನಂಥ ಆ ಶಿಖರಗಳಿಂದಲೇ ಬಂದದ್ದು.