ಕಣ್ಣಿನ ರೋಗಕ್ಕೆ ರಕ್ತದ ಸಾಕ್ಷಿ ಎಷ್ಟು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಲ್ಯಾಬೊಂದರಿಂದ, ಕಣ್ಣಿಗೂ ರೋಗ ತರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ರಕ್ತಪರೀಕ್ಷೆಯ ವರದಿ ಕೈಗೆ ಬಂದರೆ ಅದರಲ್ಲಿ ಕಣ್ಣಿಗೆ ಬೀಳುವುದು ಎರಡೇ ಸಾಲು: ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್. ಇವೆರಡೂ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು; ಐಜಿಎಂ ಸಾಮಾನ್ಯವಾಗಿ ಹೊಸ ಸೋಂಕಿನ ಗುರುತು, ಐಜಿಜಿ ಸೋಂಕು ಎಂದೋ ತಗುಲಿದ್ದರೂ ಉಳಿಯುವಂಥದ್ದು. ಒಂದು ಕಣ್ಣು ಮಂಜಾಗಿ ಕಪ್ಪು ಚುಕ್ಕಿಗಳು ತೇಲುತ್ತಿವೆ ಎಂದು ಆಳಂದದಿಂದಲೋ ಚಿಂಚೋಳಿಯಿಂದಲೋ ಬಂದವರು ಮೊದಲ ಸಾಲನ್ನೇ ರೋಗದ ಹೆಸರೆಂದು ಓದಿಕೊಳ್ಳುವುದು ಸಹಜ. ಹಾಗೆ ಓದಬಾರದೆಂಬ ತಿಳಿವಳಿಕೆ ವೈದ್ಯರಿಗೂ ತಡವಾಗಿಯೇ ಬಂತು.

ಈ ಏಕಕೋಶ ಜೀವಿಯನ್ನು 1908ರಲ್ಲಿ ಟ್ಯುನಿಸ್‌ನಲ್ಲಿ ನಿಕೋಲ್ ಮತ್ತು ಮಾನ್ಸೊ ಗುರುತಿಸಿದರು. 1948ರಲ್ಲಿ ಸೇಬಿನ್ ಮತ್ತು ಫೆಲ್ಡ್‌ಮನ್ ಬಣ್ಣದ ಪರೀಕ್ಷೆ ರೂಪಿಸಿದರು: ಜೀವಂತ ಪರೋಪಜೀವಿಗಳಿಗೆ ರೋಗಿಯ ಸೀರಮ್ ಸೇರಿಸಿ ಮೆಥಿಲೀನ್ ಬ್ಲೂ ಹಾಕಿದಾಗ, ಪ್ರತಿಕಾಯಗಳಿದ್ದರೆ ಆ ಪರೋಪಜೀವಿಗಳು ಬಣ್ಣ ಹಿಡಿಯುವುದಿಲ್ಲ. 1952ರಲ್ಲಿ ಹೆಲೆನರ್ ವೈಲ್ಡರ್, ಕ್ಷಯವೆಂದೋ ಸಿಫಿಲಿಸ್ ಎಂದೋ ಭಾವಿಸಿ ತೆಗೆದುಹಾಕಿದ್ದ ಕಣ್ಣುಗಳಲ್ಲಿ ಇದೇ ಜೀವಿಯನ್ನು ಕಂಡರು. ಆದರೆ ಕಣ್ಣಿನೊಳಗೆ ರೋಗ ಉರಿಯುತ್ತಿದ್ದರೂ ರಕ್ತದಲ್ಲಿ ಪ್ರತಿಕಾಯ ತೀರಾ ಕಡಿಮೆ ಇರಬಹುದು. ಎಂದೋ ಸೋಂಕು ತಗುಲಿದ ಆರೋಗ್ಯವಂತರಲ್ಲೂ ಐಜಿಜಿ ಜೀವನಪರ್ಯಂತ ಉಳಿಯುತ್ತದೆ.

ತೊಗರಿ ಹೊಲದಲ್ಲಿ ನೀರು ನಿಂತರೆ ರೈತ ಮೊದಲು ನೋಡುವುದು ಅದು ಬದು ಒಡೆದು ಪಕ್ಕದ ಹೊಲದಿಂದ ನುಗ್ಗಿದ್ದೋ, ತನ್ನ ನೆಲದಲ್ಲೇ ಜಿನುಗಿದ್ದೋ ಎಂಬುದನ್ನು. 1950ರ ದಶಕದಲ್ಲಿ ಗೋಲ್ಡ್‌ಮನ್ ಮತ್ತು ವಿಟ್ಮರ್ ಕೇಳಿದ್ದೂ ಅದನ್ನೇ. ಉರಿಯೂತವಾದ ಕಣ್ಣಿನೊಳಕ್ಕೆ ರಕ್ತದ ಪ್ರತಿಕಾಯಗಳು ಸೋರುತ್ತವೆ. ಆದ್ದರಿಂದ ಕಣ್ಣಿನ ಮುಂಭಾಗದಿಂದ ಸೂಜಿಯಲ್ಲಿ ತೆಗೆದ ಒಂದೆರಡು ಹನಿ ದ್ರವದಲ್ಲಿ, ಒಟ್ಟು ಐಜಿಜಿಗೆ ಹೋಲಿಸಿದರೆ ಈ ಪರೋಪಜೀವಿಯ ವಿರುದ್ಧದ ಪ್ರತಿಕಾಯ ಎಷ್ಟು ಪಾಲು ಎಂದು ನೋಡಿ, ಅದೇ ಪಾಲನ್ನು ರಕ್ತದಲ್ಲೂ ಅಳೆದು, ಕಣ್ಣಿನ ಪಾಲನ್ನು ರಕ್ತದ ಪಾಲಿನಿಂದ ಭಾಗಿಸಬೇಕು. ಉತ್ತರ 1ರ ಆಸುಪಾಸಿನಲ್ಲಿದ್ದರೆ ಅದು ಸೋರಿದ್ದು, 4 ದಾಟಿದರೆ ಕಣ್ಣೇ ತಯಾರಿಸಿದ್ದು. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಪ್ರಕಟಿಸಿದ ಎಲೈಸಾ ಎಂಬ ಪರೀಕ್ಷಾ ವಿಧಾನ ಪ್ರತಿಕಾಯ ಅಳೆಯುವುದನ್ನು ಹಗುರ ಮಾಡಿತು. ಕಣ್ಣಿಗೆ ಸೂಜಿ ಹಾಕುವ ಕೆಲಸ ಮಾತ್ರ ಅಂದಿನಂತೆ ಇಂದಿಗೂ ನುರಿತ ಕೈಗಳದೇ.

ನಾಯಿಮರಿಗಳ ಜಂತುಹುಳು ಟಾಕ್ಸೊಕಾರಾದ ಕಥೆ ಇನ್ನೂ ಕರುಣಾಜನಕ. ಕಣ್ಣಿನ ಕ್ಯಾನ್ಸರ್ ಇರಬಹುದೆಂಬ ಶಂಕೆಯಿಂದ ತೆಗೆದ 46 ಕಣ್ಣುಗಳನ್ನು ವೈಲ್ಡರ್ 1950ರಲ್ಲಿ ಪರೀಕ್ಷಿಸಿದಾಗ 24ರಲ್ಲಿ ಸಿಕ್ಕಿದ್ದು ಹುಳುವಿನ ಮರಿಯ ಕುರುಹು. ಇಲ್ಲಿ ಲೆಕ್ಕ ತಿರುಗುಮುರುಗು: ಮರಿ ಒಂದೇ ಆದರೆ ರಕ್ತದಲ್ಲಿ ಪ್ರತಿಕಾಯ ಕಾಣದೇ ಹೋಗಬಹುದು, ಹಾಗಾಗಿ ನೆಗೆಟಿವ್ ವರದಿಯಿಂದ ನಿರಾಳವಾಗುವಂತಿಲ್ಲ. ಟಾಕ್ಸೊಪ್ಲಾಸ್ಮಾದಲ್ಲಿ, ರೋಗನಿರೋಧಕ ಶಕ್ತಿ ಸರಿಯಿದ್ದವರ ಐಜಿಜಿ ನೆಗೆಟಿವ್ ಬಂದರೆ ಆ ರೋಗವನ್ನು ಬಹುತೇಕ ಪಕ್ಕಕ್ಕಿಡಬಹುದು.

ಇನ್ನು ಆ ಎರಡು ಸಾಲಿನ ವರದಿ. ಹಳೆಯ ಸೋಂಕು ಕಣ್ಣಿನಲ್ಲಿ ಮರುಕಳಿಸಿದಾಗ ಐಜಿಎಂ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆ. ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲದಲ್ಲಿ ಹುಡುಕುವುದು ಹಳೆಯ ಕಪ್ಪು ಕಲೆಯ ಅಂಚಿಗೆ ಹೊಸದಾಗಿ ಎದ್ದ, ಹಿಂಜಿದ ಹತ್ತಿಯಂಥ ಬಿಳಿ ಗಾಯವನ್ನು. ಅದು ಕಂಡರೆ ವರದಿಯ ಮೊದಲ ಸಾಲಿಗೆ ತೂಕ ಬರುತ್ತದೆ.