ಪೋರ್ಷ 996ರ ನಡುವಿನ ರೇಡಿಯೇಟರ್: ತೆಗೆದು ಬಿಡಬಹುದೇ?

ಮೂರು ದಶಕಕ್ಕೂ ಹೆಚ್ಚು ಕಾಲ ಗಾಳಿಯಿಂದಲೇ ತಣಿಯುತ್ತಿದ್ದ ಪೋರ್ಷ 911, 1997ರಲ್ಲಿ ಬಂದ 996 ತಲೆಮಾರಿನಲ್ಲಿ ನೀರಿಗೆ ಒಗ್ಗಿಕೊಂಡಿತು. ಎಂಜಿನ್ ಹಿಂದೆಯೇ ಉಳಿಯಿತು, ರೇಡಿಯೇಟರುಗಳು ಮುಂದಿನ ಚಕ್ರಗಳ ಎದುರು ಒಂದೊಂದಾಗಿ ಕೂತವು. ಎರಡರ ನಡುವಿನ ದೂರವನ್ನು ಕಾರಿನ ಹೊಟ್ಟೆಯಡಿಯ ಉದ್ದನೆಯ ಪೈಪುಗಳು ತುಂಬುತ್ತವೆ. ಈ ಕಾರು 20 ಲೀಟರಿಗೂ ಹೆಚ್ಚು ಕೂಲಂಟ್ (ಎಂಜಿನ್ ತಣಿಸುವ ದ್ರವ) ಕುಡಿಯುವುದು ಅದಕ್ಕೇ. 1999ರಲ್ಲಿ 360 ಅಶ್ವಶಕ್ತಿಯ ಜಿಟಿ3, 2000ದಲ್ಲಿ 420 ಅಶ್ವಶಕ್ತಿಯ ಟರ್ಬೊ ಬಂದಾಗ ಎರಡು ರೇಡಿಯೇಟರ್ ಸಾಲಲಿಲ್ಲ. ಬಂಪರಿನ ನಡುಗಿಂಡಿಯ ಹಿಂದೆ ಮೂರನೆಯದು ಬಂತು.

ಇಪ್ಪತ್ತು ವರ್ಷ ದಾಟಿದ ಮೇಲೆ ಸೋರಲು ಶುರುವಾಗುವುದರಲ್ಲಿ ಈ ಮೂರನೆಯದೂ ಒಂದು. ಆಗ ಬರುವ ಸಲಹೆ: ‘ತೆಗೆದು ಹೋಸ್ ಮುಚ್ಚಿಬಿಡಿ, ಏನೂ ಆಗುವುದಿಲ್ಲ.’ ಹಾಗೆ ಮಾಡಿ ಒಂದು ವಾರ ಊರೊಳಗೆ ಓಡಿಸಿದರೆ ಉಷ್ಣತೆಯ ಮುಳ್ಳು ಅಲುಗುವುದೂ ಇಲ್ಲ. ಆದರೆ ಆ ಪರೀಕ್ಷೆಯೇ ತಪ್ಪು. ಫ್ಯಾನ್ ಇರುವುದು ಪಕ್ಕದ ಎರಡು ರೇಡಿಯೇಟರುಗಳಿಗೆ ಮಾತ್ರ. ನಡುವಿನದಕ್ಕೆ ಕಾರು ಓಡಿದಾಗ ನುಗ್ಗುವ ಗಾಳಿಯೇ ಗತಿ. ಸಿಗ್ನಲ್ಲಿನಲ್ಲಿ ನಿಂತಾಗ ಅದು ಹೇಗೂ ಹೆಚ್ಚು ಕೆಲಸ ಮಾಡುತ್ತಿರಲಿಲ್ಲ, ಇಲ್ಲದಿರುವುದು ಗೊತ್ತಾಗುವುದಾದರೂ ಹೇಗೆ?

ಅದರ ಬೆಲೆ ತಿಳಿಯುವುದು ವೇಗದಲ್ಲಿ. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ, ಎಂಜಿನ್ ಸುಡುವ ಪೆಟ್ರೋಲೂ ಅದರ ಬೆನ್ನಿಗೇ ಏರುತ್ತದೆ. ರೇಡಿಯೇಟರಿಗೆ ಸಿಗುವ ಗಾಳಿ ಮಾತ್ರ ಹೆಚ್ಚೆಂದರೆ ಎರಡರಷ್ಟು. ರೇಡಿಯೇಟರ್ ಹೊರಹಾಕುವ ಶಾಖ, ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ತಕ್ಕಂತೆ ಇರುತ್ತದೆ. ಹೊರಗೆ 20 ಡಿಗ್ರಿ, ಕೂಲಂಟ್ 90 ಡಿಗ್ರಿ ಇದ್ದರೆ ಅಂತರ 70. ನಡುವಿನ ರೇಡಿಯೇಟರ್ ಐದರಲ್ಲಿ ಒಂದು ಪಾಲು ಶಾಖ ಕಳೆಯುತ್ತಿತ್ತು ಎಂದಿಟ್ಟುಕೊಳ್ಳಿ. ಅದನ್ನು ತೆಗೆದರೆ ಉಳಿದೆರಡು ಅಷ್ಟೇ ಶಾಖ ಕಳೆಯಲು ಅಂತರ ಸುಮಾರು 87 ಆಗಬೇಕು, ಅಂದರೆ ಕೂಲಂಟ್ 107. ಹೊರಗೆ 38 ಡಿಗ್ರಿ ಬಿಸಿಲಿದ್ದರೆ ಅದು 125. ಪ್ರೆಷರ್ ಕುಕ್ಕರಿನಂತೆ ಒತ್ತಡದಲ್ಲಿರುವುದರಿಂದ ಕೂಲಂಟ್ ಕೂಡಲೇ ಕುದಿಯದು. ಆದರೆ ಸಿಲಿಂಡರ್ ಹೆಡ್ಡಿನ ಬಿಸಿ ಮೂಲೆಗಳಲ್ಲಿ ಹಬೆಗುಳ್ಳೆ ಏಳಲು ಇನ್ನು ಸ್ವಲ್ಪವೇ ಸಾಕು.

ನೀರು ಈಗ ಎರಡರಲ್ಲೇ ಹರಿಯುತ್ತದಲ್ಲ, ಹೆಚ್ಚು ಹರಿದರೆ ಹೆಚ್ಚು ತಣಿಯದೇ ಎಂಬ ವಾದವೂ ಉಂಟು. ತುಸು ತಣಿದೀತು, ಅಷ್ಟೇ. ಶಾಖಕ್ಕೆ ದೊಡ್ಡ ಅಡ್ಡಿ ಇರುವುದು ನೀರಿನ ಕಡೆಯಲ್ಲಲ್ಲ, ಗಾಳಿಯ ಕಡೆ. ಹೀಗಾಗಿ ಜಿಟಿ3, ಟರ್ಬೊಗಳಲ್ಲಿ, ಅದರಲ್ಲೂ ಟ್ರ್ಯಾಕಿಗೆ ಇಳಿಯುವವುಗಳಲ್ಲಿ, ತೆಗೆಯುವ ಮಾತೇ ಬೇಡ, ಹೊಸದು ಹಾಕಿ.

ಅದಕ್ಕೂ ಮುಂಚೆ ಪಕ್ಕದವೆರಡನ್ನು ನೋಡಿ. ಅವುಗಳ ಎದುರು ಎಸಿಯ ಗ್ಯಾಸ್ ತಣಿಸುವ ಕಂಡೆನ್ಸರ್ ಇದೆ, ಅದಕ್ಕೂ ರೇಡಿಯೇಟರಿಗೂ ನಡುವೆ ಬೆರಳು ತೂರದಷ್ಟು ಜಾಗ. ಮುಂಭಾಗದ ಕಿಂಡಿಯಿಂದ ಒಳಬಂದ ಒಣಎಲೆ ಅಲ್ಲೇ ಸಿಕ್ಕಿಕೊಂಡು, ಮಳೆಗೆ ನೆನೆದು ಗೊಬ್ಬರವಾಗುತ್ತದೆ. ಆ ತೇವ, ಯುರೋಪಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಎರಡೂ ಸೇರಿ ಅಲ್ಯೂಮಿನಿಯಂ ರೆಕ್ಕೆಗಳನ್ನು ಹಪ್ಪಳದಂತೆ ಪುಡಿ ಮಾಡುತ್ತವೆ. ಕಂಡೆನ್ಸರಿನ ಸ್ಕ್ರೂ ಬಿಚ್ಚಿ, ಗ್ಯಾಸಿನ ಪೈಪುಗಳನ್ನು ಮುಟ್ಟದೆ, ಅದನ್ನು ತುಸು ಮುಂದಕ್ಕೆ ವಾಲಿಸಿದರೆ ಕೈಯಲ್ಲೇ ಬಾಚಿ ತೆಗೆಯಬಹುದು. ನಂತರ ಬ್ರಷ್ಷು, ಮೆಲ್ಲನೆಯ ನೀರು. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನಡುವಿನದರ ಎದುರು ಕಂಡೆನ್ಸರ್ ಇಲ್ಲ, ಕೆಲಸ ಹಗುರ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೂಲಂಟಿನ ಮುಚ್ಚಳ ತೆರೆಯಿರಿ. ಬಂಪರ್ ಬಿಚ್ಚುವಾಗ ಬಾನೆಟ್ಟಿನ ಅಂಚು, ಚಕ್ರದ ಗೂಡು, ಅಡಿಭಾಗ, ಮೂರೂ ಕಡೆಯ ಸ್ಕ್ರೂಗಳು ಹೊರಬರಬೇಕು. ಒಂದು ಉಳಿದರೂ ಎಳೆದಾಗ ಸೀಳು ಬಿಡುತ್ತದೆ. ಬರುವ ಕೂಲಂಟನ್ನು ಶುಭ್ರವಾದ ತೊಟ್ಟಿಗೆ ಹಿಡಿದು ಅಳೆದಿಡಿ. ಸೋರಿಕೆ ಸಾಮಾನ್ಯವಾಗಿ ರೇಡಿಯೇಟರಿನ ತುದಿಯ ಪ್ಲಾಸ್ಟಿಕ್ ತೊಟ್ಟಿಯನ್ನು ಅಲ್ಯೂಮಿನಿಯಂ ಹಂದರಕ್ಕೆ ಮಡಚಿ ಕೂರಿಸಿದ ಅಂಚಿನಲ್ಲಿ ಇರುತ್ತದೆ. ಒಳಗಿನ ರಬ್ಬರ್ ಗಟ್ಟಿಯಾಗಿರುತ್ತದೆ, ಅಂಟು ಹಚ್ಚಿದರೆ ನಿಲ್ಲದು. ಹೋಸ್ ಬಿಡದಿದ್ದರೆ ತಿರುಚಿ ಸಡಿಲಿಸಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಲಾಸ್ಟಿಕ್ ಕತ್ತು ಮುರಿದೀತು.

ಇನ್ನು ಗಾಳಿ. ಇಷ್ಟುದ್ದದ ಪೈಪುಗಳಲ್ಲಿ ಮೇಲಿಂದ ಸುರಿದು ತುಂಬಿದರೆ ಎಲ್ಲೋ ಒಂದೆಡೆ ಗಾಳಿ ಸಿಕ್ಕಿಕೊಳ್ಳುತ್ತದೆ: ಹೀಟರ್ ತಣ್ಣಗೆ ಊದುತ್ತದೆ, ಎಂಜಿನ್ ಬಿಸಿಯಾಗುತ್ತದೆ. ವ್ಯಾಕ್ಯೂಮ್ ಉಪಕರಣದಿಂದ ಒಳಗಿನ ಗಾಳಿ ಎಳೆದು, ಕವಾಟ ಮುಚ್ಚಿ ಕೆಲವು ನಿಮಿಷ ಬಿಡಿ. ಉಪಕರಣದ ಮುಳ್ಳು ನಿಂತಲ್ಲೇ ನಿಂತರೆ ಜೋಡಣೆಗಳು ಭದ್ರ. ಆಮೇಲೆ ಕೂಲಂಟನ್ನು ಅದೇ ಹೀರಿಕೊಳ್ಳುತ್ತದೆ. ಮಿಶ್ರಣ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೇರೆ ಬಗೆಯ ಕೂಲಂಟ್ ಬೆರೆಸಿದರೆ ಗೋಂದಿನಂತೆ ಗಟ್ಟಿಯಾಗಿ ಸಣ್ಣ ನಾಳಗಳನ್ನು ಮುಚ್ಚುವುದುಂಟು.

ಪರೀಕ್ಷೆಗೆ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬುವುದಕ್ಕಿಂತ ಕಾರಿನ ಕಂಪ್ಯೂಟರ್ ಮಾಹಿತಿ ಕೊಡುವ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ ಡಿಗ್ರಿ ಓದಿ. ಹೆದ್ದಾರಿಯಲ್ಲಿ ತಣ್ಣಗಿದ್ದು, ನಿಂತಾಗ ಮಾತ್ರ ಏರಿದರೆ ರೇಡಿಯೇಟರನ್ನು ಬಯ್ಯಬೇಡಿ. ಫ್ಯಾನಿನ ನಿಧಾನ ವೇಗಕ್ಕೆ ಕರೆಂಟ್ ಇಳಿಸುವ ರೆಸಿಸ್ಟರ್ ಸುಟ್ಟಿರಬಹುದು. ಈ ಕಾರುಗಳಲ್ಲಿ ಅದು ಹಳೆಯ ಕಾಯಿಲೆ.